ಪೂಜೆಗಿಟ್ಟ ಸ್ಪ್ಯಾನರು

ಕುಂಬಳಕಾಯಿ ಒಡೆದ ಕುಂಕುಮದ ನೀರು ಚಪ್ಪಲಿಗೆ ಅಂಟಿಕೊಂಡಿತು, ಥೂ, ಚಾಮರಾಜಪೇಟೆಯ ಈ ಅಡ್ಡರಸ್ತೆಯಲ್ಲಿ ಸೈಕಲ್ ಅಂಗಡಿಯವನಿಗೂ ಆಯುಧಪೂಜೆ, ಜಟಕಾದವನಿಗೂ ಆಯುಧಪೂಜೆ, ಕುದುರೆಯ ಪಕ್ಕದಲ್ಲೇ ಬಾಳೆಕಂದು ಕಟ್ಟಿದ್ದಾನೆ, ಅದು ತಿನ್ನುತ್ತಿದೆ—ನಡಿ ನಂಜುಂಡಯ್ಯ, ಇನ್ನು ಮೂರೇ ಮನೆ, ಇವತ್ತಾದರೂ ಸರ್ವಮಂಗಳೆಗೆ ಹೇಳಿಬಿಡು, ಎಂಟು ತಿಂಗಳಿಂದ ಬಂದು ಬಂದು ಕಾಫಿ ಕುಡಿದು ಎದ್ದು ಹೋಗುತ್ತೀಯಲ್ಲ, ನಾಚಿಕೆಯಾಗಬೇಕು. ನಿನ್ನ ಗಂಡ ವೃಷಭೇಂದ್ರಪ್ಪ ಸತ್ತದ್ದು ಸಮುದ್ರದಿಂದಲ್ಲಮ್ಮ, ನನ್ನಿಂದ, ಅಷ್ಟೇ ಮಾತು, ಅದಕ್ಕೆ ಎಷ್ಟು ಹೊತ್ತು ಬೇಕು. ಬಾಗಿಲು ತೆಗೆದಳು, ಬನ್ನಿ ಅಣ್ಣ ಅಂದಳು, ಚಾಪೆ ಹಾಸಿದಳು, ಕೂತೆ, ಒಳಗೆ ಒಲೆ ಊದುವ ಸದ್ದು.

ಯುದ್ಧ ಮುಗಿದು ಎರಡು ತಿಂಗಳಾಯಿತು, ಹೋದ ವರ್ಷ ಇದೇ ಹಬ್ಬದ ದಿನ ಅದು ಜೋರಾಗಿತ್ತು, ನೌಕಾಪಡೆಯ ಜೊತೆ ಹೋಗುವ ಕಡಲವಿಮಾನಗಳಿಗೆ ಬಿಡಿ ಎಂಜಿನ್‌ಗಳನ್ನು ಪೆಟ್ಟಿಗೆ ಕಟ್ಟಿ ಕೊಚ್ಚಿಗೆ ಕಳಿಸುವುದು ವಿಮಾನ ಕಾರ್ಖಾನೆಯಲ್ಲಿ ನನ್ನ ಉಗ್ರಾಣದ ಕೆಲಸ, ಅಲ್ಲಿಂದ ಹಡಗು, ಹಡಗು ಹೊರಟರೆ ಮೂರು ತಿಂಗಳು ಊರಿಲ್ಲ ಕೇರಿಯಿಲ್ಲ, ಒಂದು ನಟ್ಟು ಮರೆತರೂ ನಡುನೀರಿನಲ್ಲಿ ಯಾವ ಅಂಗಡಿ ತೆರೆದಿರುತ್ತದಪ್ಪ, ಹೊಸಬರಿಗೆ ಹೀಗೆ ಉಪದೇಶ ಮಾಡುತ್ತಿದ್ದ ಮಹಾಶಯ ನಾನೇ. ಮಾಡಿದ್ದೇನು, ಕಟ್ಟಿಟ್ಟ ಎಂಜಿನ್ನಿನಿಂದ ಕಿಡಿ ಹುಟ್ಟಿಸುವ ಜೋಡಿ ಮ್ಯಾಗ್ನೆಟೊ ಬಿಚ್ಚಿ ಪಕ್ಕದ ಷೆಡ್ಡಿನವರಿಗೆ ಎರವಲು ಕೊಟ್ಟೆ, ಕಾಫಿಪುಡಿ ಕೊಟ್ಟ ಹಾಗೆ, ನಾಳೆ ಕೊಡ್ತೀವಿ ಅಂದರು, ಕೊಟ್ಟರು ಕೂಡ, ಆದರೆ ಅಷ್ಟರಲ್ಲಿ ಮಂಗಳಾರತಿ ಆಗಿತ್ತು, ಸ್ಪ್ಯಾನರುಗಳೆಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು, ಪೂಜೆಗಿಟ್ಟದ್ದನ್ನು ಮರುದಿನದ ತನಕ ಮುಟ್ಟುವಂತಿಲ್ಲ, ಹೊರಗೆ ಲಾರಿ ಹಾರನ್ ಹೊಡೆಯುತ್ತಿದೆ, ಸಂಜೆಗೇ ರೈಲು. ಪೂಜೆ ಅಡ್ಡ ಬಂತು, ಏನು ಮಾಡಲಿ—ಎಷ್ಟು ಸಲ ಹೇಳಿಕೊಂಡೆ, ಸುಳ್ಳು, ಶುದ್ಧ ಸುಳ್ಳು, ಮೇಸ್ತ್ರಿ ಪಂಚಾಕ್ಷರಯ್ಯನವರೇ ಅಂದರಲ್ಲ, ಬೇಕಾದ್ರೆ ಎತ್ಕೊಳಪ್ಪ, ಶಿವ ಏನೂ ಅಂದ್ಕೊಳಲ್ಲ. ಕೈ ಚಾಚಿದೆ, ಅರ್ಧ ಇಂಚಿನ ಸ್ಪ್ಯಾನರು, ಅದರ ಬಾಯಲ್ಲಿ ಒಂದು ಸೇವಂತಿಗೆಯ ಎಸಳು, ಆಗ ಉಟ್ಟ ಪಂಚೆ ಕಣ್ಣಿಗೆ ಬಿತ್ತು, ಮಾವ ಕೊಟ್ಟ ಜರಿಪಂಚೆ, ಗ್ರೀಸ್ ತಾಗಿದರೆ ಹೋಗುವುದಿಲ್ಲ. ಮ್ಯಾಗ್ನೆಟೊ ಮತ್ತೆ ಕೂರಿಸುವುದು ಅರ್ಧ ಗಂಟೆಯ ಕೆಲಸ. ಕೈ ಹಿಂದಕ್ಕೆ ತಗೊಂಡೆ. ಪೆಟ್ಟಿಗೆ ಹಾಗೇ ಲಾರಿ ಹತ್ತಿಸಿದೆ, ಬಿಡಿ ಸಾಮಾನು ಅದರೊಳಗೆ ಹಾಕುವಂತಿಲ್ಲ, ಮ್ಯಾಗ್ನೆಟೊ ಬೇರೆ ಡಬ್ಬಿಯಲ್ಲಿ ನಾಳೆಯ ರೈಲಿಗೆ ಅಂತ ಬರೆದೆ, ಕಾಗದದಲ್ಲಿ ಎಲ್ಲ ಸರಿಯಾಗಿದೆ, ಇವತ್ತಿಗೂ ಸರಿಯಾಗಿದೆ, ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ, ಕೇಳಬಾರದಿತ್ತೇ, ಬೈಯಬಾರದಿತ್ತೇ. ಡಬ್ಬಿ ಕೊಚ್ಚಿ ಮುಟ್ಟುವ ಹೊತ್ತಿಗೆ ಹಡಗು ಹೋಗಿತ್ತು, ಹಡಗಿನಲ್ಲಿ ಫಿಟ್ಟರ್ ವೃಷಭೇಂದ್ರ, ಬಿನ್ನಿಪೇಟೆಯ ಮಿಲ್ಲಿನ ಗೋಡೆಗುಂಟ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ತುಳಿಯುತ್ತಿದ್ದ ಅದೇ ವೃಷಭೇಂದ್ರ. ಯಾವುದೋ ದ್ವೀಪದ ಹತ್ತಿರ ವಿಮಾನದ ಎಂಜಿನ್ ಕೆಟ್ಟಿತು, ನನ್ನ ಪೆಟ್ಟಿಗೆ ತೆರೆದ, ಮ್ಯಾಗ್ನೆಟೊ ಇಲ್ಲ, ಕೆಟ್ಟ ಎಂಜಿನ್ನಿನ ಸವೆದದ್ದನ್ನೇ ಇದಕ್ಕೆ ಕೂರಿಸಿದ, ಕೂರಿಸಿದವನೇ ಪರೀಕ್ಷೆಗೆ ಜೊತೆಯಲ್ಲಿ ಹಾರಬೇಕಲ್ಲ, ಹಾರಿದ, ನೀರಿನಿಂದ ನೂರಡಿ ಎದ್ದು—ವರದಿಯಲ್ಲಿ ಎರಡೇ ಸಾಲು ಇತ್ತು.

ಲೋಟ ಮುಂದಿಟ್ಟಳು, ಹಬ್ಬದ ದಿನ ಅಂತ ಒಬ್ಬಟ್ಟೂ ಇಟ್ಟಿದ್ದಾಳೆ, ಯಾಕಮ್ಮ ಇದೆಲ್ಲ, ಈಗ ಹೇಳು, ಈಗಲೇ. ಆ ಎಂಜಿನ್ ಪೆಟ್ಟಿಗೆ ಇತ್ತಲ್ಲ ತಾಯಿ, ಅಂದೆ. ಗೊತ್ತಣ್ಣ, ಅಂದಳು. ಗೊತ್ತೇ, ಯಾರು ಹೇಳಿದರು, ಒಂದು ಕ್ಷಣ ಹಗುರವಾಯಿತು, ಪುಣ್ಯಾತ್ಗಿತ್ತಿ, ಬೈದುಬಿಡು. ನಮ್ಮನೆಯವರು ಕೊಚ್ಚಿಯಿಂದ ಬರೆದಿದ್ರು, ಅದೇ ಕೊನೇ ಕಾಗದ, ಬೇರೆಯವರ ಪೆಟ್ಟಿಗೆ ಎಲ್ಲಾ ಬಂದರಲ್ಲೇ ಬಿಚ್ಚಿ ನೋಡಿದ್ರಂತೆ, ನಿಮ್ಮದನ್ನ ಮಾತ್ರ ಬಿಚ್ಚಲಿಲ್ವಂತೆ, ನಂಜುಂಡಯ್ಯ ಕಟ್ಟಿದ ಮೇಲೆ ನೋಡೋದೇನಿದೆ ಅಂತ ಬರೆದಿದಾರೆ. ಕಾಫಿ ಆರೋಗತ್ತೆ, ಕುಡೀರಿ. ನಗುತ್ತಿದ್ದಾಳೆ, ನನಗೆ ಸಂತೋಷವಾಗಲಿ ಅಂತ ಹೇಳಿದ್ದಾಳೆ, ಹೇಳು, ಬಾಯಿ ಬಿಡು, ಅರ್ಧ ಇಂಚಿನ ಸ್ಪ್ಯಾನರು, ಬಿಳಿ ಬಟ್ಟೆ, ಒಂದು ಎಸಳು, ಕೈಗೆ ಗೇಣು ದೂರ, ಹೇಳು, ಗೇಣು ದೂರ, ಸ್ಪ್ಯಾನರು, ಅದರ ಬಾಯಲ್ಲಿ ಹಳದಿ ಎಸಳು