ಬೂಟಿನ ಅಡಿಯ ಹಳದಿ ಚೀಟಿ

ಮಣಿಕಟ್ಟಿನಲ್ಲಿ ಗಡಿಯಾರ ಗುರ್ರೆಂದಿತು, ಅಂದರೆ ಬಿರುಸು, ಮೂರು ನಿಮಿಷ ಬಿರುಸು ಆಮೇಲೆ ಮೂರು ನಿಮಿಷ ನಿಧಾನ, ಹೀಗೇ ಐದು ಸಲ, ಸಕ್ಕರೆ ಕಾಯಿಲೆಯವರು ಸುಮ್ಮನೆ ಕಾಲೆಳೆದುಕೊಂಡು ನಡೆಯೋದಕ್ಕಿಂತ ಇದು ಒಳ್ಳೇದಂತೆ ಅಪ್ಪಾ ಎಂದು ಮಗಳು ಇಬ್ಬರಿಗೂ ಒಂದೊಂದು ಕಟ್ಟಿದ್ದಳು — ಹೆಂಡತಿ ಆಗಲೇ ಎರಡು ದೀಪದ ಕಂಬ ಮುಂದೆ, ಇರಲಿ, ಅವಳ ಬೆನ್ನು ಕಾಣುವಷ್ಟು ಹೊತ್ತು ಅವಳಿಗೆ ಇವನ ಮುಖ ಕಾಣುವುದಿಲ್ಲ, ಅಷ್ಟೇ ಪುಣ್ಯ, ದಿನಾ ಐದು ಸಾವಿರ ಹೆಜ್ಜೆ ಹಾಕುವ ಟೈಲರ್ ಮಾಸ್ಟ್ರು ಮೊದಲನೇ ಬಿರುಸಿಗೇ ಹೀಗೆ ಬಾಯಲ್ಲಿ ಉಸಿರಾಡುತ್ತಾರೆಯೇ, ಬಾಯಿ ಮುಚ್ಚು, ಮೂಗಿನಲ್ಲಿ ಎಳೆದುಕೋ, ಮೂಗು ಸಾಲುತ್ತಿಲ್ಲ, ಮತ್ತೆ ಆ ಚೀಟಿ, ಮಗಳು ಗಡಿಯಾರದ ಜೊತೆಗೇ ಇಬ್ಬರಿಗೂ ಕೊಡಿಸಿದ ಬೂಟು, ಇವನ ಎಡ ಬೂಟಿನ ಅಡಿಯಲ್ಲಿ, ನಡುವಿನ ಗುಳಿಯಲ್ಲಿ ಅಂಟಿರುವ ದುಂಡನೆಯ ಹಳದಿ ಚೀಟಿ, ಅಳತೆ ಎಂಟು, ಹೊರಡುವ ಮುಂಚೆ ಕಿತ್ತು ಬಿಸಾಡಬೇಕು ಅಂದುಕೊಂಡಿದ್ದ, ಅವಳು ಬಾಗಿಲಲ್ಲೇ ನಿಂತು ಬನ್ರೀ ಹೊತ್ತಾಯ್ತು ಅಂದಳು, ಮರೆತುಹೋಯಿತು.

ಒಂದು ದಿನ ನಿಜವಾಗಿಯೂ ನಡೆದಿದ್ದ, ಆ ಒಂದು ದಿನ ಸುಳ್ಳಲ್ಲ, ಸ್ಕೂಟರನ್ನು ಅಂಗಡಿಯ ಮುಂದೆಯೇ ಬಿಟ್ಟು ಬಿರುಸಾಗಿ ಹೊರಟು, ಗುರ್ರೆಂದಾಗ ನಿಧಾನ ಮಾಡಿ, ಮತ್ತೆ ಬಿರುಸು, ಎದುರಿನ ಕ್ಷೌರದಂಗಡಿಯವನು ಬಾಗಿಲಿಗೆ ಬಂದು ಏನ್ ಮಾಸ್ಟ್ರೇ, ನಾಯಿ ಅಟ್ಟಿಸಿಕೊಂಡು ಬಂತಾ, ಈಗ ಹೋಯ್ತಾ, ಮತ್ತೆ ಬಂತಾ ಅಂದ, ಕುರ್ಚಿಯಲ್ಲಿದ್ದವನು ನೊರೆ ಮುಖದಲ್ಲೇ ನಕ್ಕ, ಅವನ ಪ್ಯಾಂಟಿನ ಅಳತೆ ತೆಗೆದವನು ತಾನೇ, ಸೊಂಟ ನಲವತ್ತೆರಡು, ಅವನು ನಗುವುದೇ — ಮಾರನೇ ದಿನ ಹೊಲಿಗೆ ಯಂತ್ರದ ಮುಂದೆ ಕೂತಾಗ ಹೊಳೆಯಿತು, ನಡೆಯುವುದೂ ಕಾಲೇ, ತುಳಿಯುವುದೂ ಕಾಲೇ, ಕೈಯಲ್ಲಿದ್ದಾಗ ಗಡಿಯಾರ ಹೆಜ್ಜೆ ಎಣಿಸಲಿಲ್ಲ, ಬಿಚ್ಚಿ ಕಣಕಾಲಿಗೆ ಕಟ್ಟಿದ, ಎಣಿಸಿತು, ಪರದೆಯ ಉದ್ದನೆಯ ಅಂಚಿಗೆ ಮೂರು ನಿಮಿಷ ಬಿರುಸು, ಕಾಲರಿನ ತಿರುವಿಗೆ ಮೂರು ನಿಮಿಷ ನಿಧಾನ, ಬೂಟು ಪಕ್ಕದಲ್ಲಿ ಮಗುಚಿ ಬಿದ್ದಿರುತ್ತಿತ್ತು, ಹಳದಿ ಚೀಟಿ ಮೇಲಾಗಿ, ಮೊದಲ ದಿನ ನಗು ಬಂತು, ಆಮೇಲೆ ರೂಢಿಯಾಯಿತು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಇವನು ಕುಡಿದದ್ದು ನಾಲ್ಕು ಗಂಟೆಯ ಚಹಾ, ಎರಡು ಚಮಚ ಸಕ್ಕರೆ ಹಾಕಿ, ಇಷ್ಟು ತುಳಿದಿದ್ದೇನೆ, ಒಂದು ಲೋಟಕ್ಕೇನು. ಸಂಜೆ ಮಗಳು ಫೋನಿನಲ್ಲಿ ಇಬ್ಬರ ಹೆಜ್ಜೆ ನೋಡುವಳು, ಭೇಷ್ ಅಪ್ಪಾ, ಅಮ್ಮಾ ನೋಡು ಅಪ್ಪನ್ನ, ದಿನಾ ಒಬ್ಬಳೇ ನಡೆದು ಬರುವ ಹೆಂಡತಿ ಮಂಡಿ ನೀವಿಕೊಳ್ಳುತ್ತಾ ನಿಮ್ಮಷ್ಟು ನನ್ನ ಕೈಲಾಗಲ್ಲ ರೀ ಅನ್ನುವಳು, ಇವನು — ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ — ಮನಸ್ಸು ಮಾಡಬೇಕು ಕಣೇ, ಕುಂಟು ನೆಪ ಹೇಳ್ಕೊಂಡು ಕೂತರೆ ಸಕ್ಕರೆ ಇಳಿಯುತ್ತಾ ಅಂದಿದ್ದ.

ಇಳಿದದ್ದು ಅವಳದು. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ ಅವಳದು ಎಂಟೂವರೆಯಿಂದ ಏಳಕ್ಕೆ, ಇವನದು ಎಂಟರಿಂದ ಒಂಬತ್ತಕ್ಕೆ, ಡಾಕ್ಟರು ಹೆಜ್ಜೆಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಇಷ್ಟು ನಡೆದೂ ಏರಿದೆ ಅಂದ್ರೆ ಇನ್ನು ಇನ್ಸುಲಿನ್ನೇ ದಾರಿ, ಒಂದು ತಿಂಗಳು ನೋಡೋಣ ಅಂದರು, ಆಗ ಹೇಳಬಹುದಿತ್ತು, ಬಾಯಿಗೂ ಬಂದಿತ್ತು, ಅಷ್ಟರಲ್ಲಿ ಅವಳು ತಪ್ಪು ನನ್ನದೇ ಡಾಕ್ಟ್ರೇ, ಇವರು ಪಾಪ ದಿನಾ ನಡೀತಾರೆ, ಅಡುಗೆ ಮಾಡೋಳು ನಾನಲ್ವಾ ಅಂದಳು, ಇವನು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡುತ್ತಾ ಕೂತಿದ್ದ, ಗಂಡಸು. ಅವತ್ತಿನಿಂದ ಅಡುಗೆಮನೆಯ ಸಕ್ಕರೆ ಡಬ್ಬಿ ಮಾಯ, ಇವನ ಊಟ ಅರ್ಧ, ನಿಮಗಿಲ್ಲದ್ದು ನನಗ್ಯಾಕೆ ಅಂತ ಅವಳ ತಟ್ಟೆಯಲ್ಲೂ ಅರ್ಧ, ಮಾತ್ರೆ ನುಂಗಿ ಅರೆಹೊಟ್ಟೆಯಲ್ಲಿದ್ದವಳು ಮೊನ್ನೆ ಬೆವೆತು, ಕೈ ನಡುಗಿ, ಒಲೆಯ ಮುಂದೆ ಕುಸಿದು ಕೂತಳು, ರಕ್ತದ ಸಕ್ಕರೆ ತೀರಾ ತಗ್ಗಿತ್ತು, ಬಾಯಿಗೆ ಹಾಕಲು ಮನೆಯಲ್ಲಿ ಒಂದು ಚಮಚ ಇಲ್ಲ, ಇವನಿಗೆ ನೆನಪಾದದ್ದು ಅಂಗಡಿಯ ಡ್ರಾಯರಿನಲ್ಲಿ ಗುಂಡಿಗಳ ಹಿಂದೆ ಬಚ್ಚಿಟ್ಟ ತನ್ನ ಸಕ್ಕರೆ — ಪಕ್ಕದ ಮನೆಗೆ ಓಡಿ ಕೇಳಿ ತಂದ, ಆ ಓಟ ಮಾತ್ರ ಗಡಿಯಾರದಲ್ಲಿ ಸೇರಲಿಲ್ಲ, ಅದು ಅಂಗಡಿಯಲ್ಲಿತ್ತು. ಚೇತರಿಸಿಕೊಂಡವಳ ಮೊದಲ ಮಾತು, ಭಾನುವಾರ ನಿಮ್ಮ ಜೊತೆ ನಾನೂ ಬರ್ತೀನಿ, ನೀವು ಹೇಗೆ ನಡೀತೀರೋ ನೋಡಿ ಕಲೀತೀನಿ.

ಇವತ್ತೇ ಆ ಭಾನುವಾರ, ಇವನು ದೀಪದ ಕಂಬ ಹಿಡಿದು ನಿಂತುಬಿಟ್ಟ, ಮುಂದಿದ್ದ ಅವಳು ತಿರುಗಿದಳು, ಬರುತ್ತಿದ್ದಾಳೆ, ಯಾಕ್ರೀ ನಿಂತ್ರಿ, ಉಸಿರಿಲ್ಲದವನ ಬಾಯಲ್ಲಿ ಸುಳ್ಳು ಮಾತ್ರ ಸಲೀಸಾಗಿ ಬಂತು, ಬೂಟಿನಲ್ಲಿ ಏನೋ ಚುಚ್ತಿದೆ ಕಣೇ, ಅಂದವನೇ ನಾಲಿಗೆ ಕಚ್ಚಿಕೊಂಡ, ನಮ್ಮಂಥವರ ಕಾಲಿಗೆ ಸಣ್ಣ ಗಾಯವಾದರೂ ಬಿಡಬಾರದು ಅಂತ ಮಗಳು ಹೇಳಿದ್ದನ್ನು ಇವಳು ಮರೆಯುವವಳೇ, ಕೂತ್ಕೊಳ್ಳಿ ಇಲ್ಲಿ, ಕಲ್ಲು ಬೆಂಚು, ತಣ್ಣಗಿದೆ, ಬಲಗಾಲು ಅಂದ, ಅವಳು ನೋವಿನ ಮಂಡಿ ಊರಿ ಬಲ ಬೂಟು ಬಿಚ್ಚಿ ಕೊಡವಿದಳು, ಏನೂ ಬೀಳಲಿಲ್ಲ, ಎಡಗಾಲು ಕೊಡಿ, ಬೇಡ ಬಿಡೇ, ಕೊಡ್ರೀ, ಎಡ ಬೂಟು ಅವಳ ಕೈಯಲ್ಲಿ ಮಗುಚಿತು, ಕೊಡವುತ್ತಿದ್ದ ಕೈ ನಿಂತಿತು. ಅವಳ ಬೂಟಿನ ಹಿಮ್ಮಡಿ ಒಂದು ಕಡೆಗೆ ಸವೆದು ಓರೆಯಾಗಿದೆ, ಇವನದರ ಗೆರೆಗಳು ಬೂಟಿನಂಗಡಿಯಲ್ಲಿದ್ದಷ್ಟೇ ಚೂಪು, ನಡುವೆ ಹಳದಿ ಚೀಟಿ, ಬೈಯಲಿ, ಬೈದರೆ ಸಾಕು, ಮುಖಕ್ಕೆ ಎಸೆಯಲಿ, ಬೈಯುತ್ತಿಲ್ಲ, ಹೆಬ್ಬೆರಳ ಉಗುರಿನಿಂದ ಚೀಟಿಯ ಅಂಚು ಎಬ್ಬಿಸುತ್ತಿದ್ದಾಳೆ, ಮೊನ್ನೆ ನಡುಗಿದ ಕೈ, ಅದೇ ಕೈ, ಹಾಗಾದ್ರೆ ನನ್ನ ಅಡುಗೆಯಿಂದ ಅಲ್ಲ, ಅಂದಳು, ಸಣ್ಣ ದನಿಯಲ್ಲಿ, ಗಡಿಯಾರ ಗುರ್ರೆಂದಿತು, ಎರಡೂ ಗಡಿಯಾರ, ಬಿರುಸೋ ನಿಧಾನವೋ, ಅವಳ ಹೆಬ್ಬೆರಳ ತುದಿಯಲ್ಲಿ ಅಂಟಿಕೊಂಡ ಹಳದಿ ಚೀಟಿ, ಎಂಟು, ಹಳದಿ ಚೀಟಿ