ಗಂಟುಕೊಕ್ಕಿನ ಪಾರಿವಾಳವೂ ನಮ್ಮ ಚಿಕ್ಕಮ್ಮನೂ

ನಮ್ಮ ಚಿಕ್ಕಮ್ಮನ ಬಾಯಿಂದ ‘ಹೌದು’ ಎಂಬ ಮಾತು ಹೊರಟಿದ್ದನ್ನು ಕೇಳಿದವರು ಬಂಧುಬಳಗದಲ್ಲಿ ಯಾರೂ ಇಲ್ಲ. ಕಾಫಿಗೆ ಸಕ್ಕರೆ ಸರಿಯಾಗಿದೆಯೇ ಎಂದರೆ ‘ಇರಬಹುದು’. ಹೊರಗೆ ಮಳೆಯೇ ಎಂದರೆ, ತೊಯ್ದ ಕೊಡೆಯನ್ನು ಮಡಚುತ್ತಲೇ, ‘ಹಾಗೆ ಕಾಣುತ್ತೆ’. ಮದುವೆಗೆ ಒಪ್ಪಿಗೆ ಕೇಳಿದಾಗಲೂ ‘ಬೇಡ ಅನ್ನೋಕೆ ಕಾರಣ ಕಾಣ್ತಿಲ್ಲ’ ಎಂದರಂತೆ. ಅದನ್ನೇ ಒಪ್ಪಿಗೆಯೆಂದು ತಿಳಿದು ತಾನು ಏಮಾರಿದೆನೆಂದು ಚಿಕ್ಕಪ್ಪ ಇಂದಿಗೂ ಹೇಳಿಕೊಂಡು ತಿರುಗುತ್ತಾರೆ. ಆದರೆ ‘ಅಲ್ಲ’ ಎನ್ನುವುದಕ್ಕೆ ಚಿಕ್ಕಮ್ಮನಿಗೆ ಅರೆಕ್ಷಣವೂ ಬೇಡ. ಆ ಎರಡಕ್ಷರ ಅವರ ಬಾಯಿಂದ ಬಿತ್ತೆಂದರೆ ಮುಗಿಯಿತು, ಅದನ್ನು ಅಲುಗಿಸಲು ಯಾರಪ್ಪನಿಂದಲೂ ಆಗುವುದಿಲ್ಲ.

ಇದು ಹುಟ್ಟುಗುಣವೋ ಉದ್ಯೋಗದಿಂದ ಅಂಟಿದ್ದೋ ನಾನರಿಯೆ. ಚಿಕ್ಕಮ್ಮ ನಮ್ಮ ಊರಿನ ಮ್ಯೂಸಿಯಮ್ಮಿನಲ್ಲಿ ಪಕ್ಷಿವಿಭಾಗದ ಅಧಿಕಾರಿ. ಜನ ನೋಡುವ ಸಭಾಂಗಣದ ಹಿಂದೆ, ಕಿಟಕಿಗೆ ಸದಾ ಪರದೆ ಎಳೆದಿರುವ ಉದ್ದನೆಯ ಕೋಣೆಯಲ್ಲಿ, ಮಾಡು ಮುಟ್ಟುವ ಲೋಹದ ಬೀರುಗಳ ತಟ್ಟೆ ತಟ್ಟೆಗಳಲ್ಲಿ, ಹೊಟ್ಟೆಗೆ ಹತ್ತಿ ತುಂಬಿಸಿಕೊಂಡು ಕಾಲಿಗೆ ಚೀಟಿ ಕಟ್ಟಿಸಿಕೊಂಡು ಅಂಗಾತ ಮಲಗಿರುವ ಸಾವಿರಾರು ಹಕ್ಕಿಗಳು ಅವರ ಸಂಸಾರ. ಅವುಗಳಲ್ಲಿ ಕೆಲವು, ಲೋಕದಲ್ಲಿ ಈಗ ಎಲ್ಲಿಯೂ ಇಲ್ಲದ, ವಂಶವೇ ಅಳಿದುಹೋದ ಪ್ರಭೇದಗಳು. ಅಥವಾ ಹಾಗೆಂದು ಹಿಂದಿನವರು ಚೀಟಿ ಬರೆದಿಟ್ಟಂಥವು. ಚೀಟಿ ಹೇಳುವ ಹಕ್ಕಿಯೂ ತಟ್ಟೆಯಲ್ಲಿರುವ ಹಕ್ಕಿಯೂ ಒಂದೇ ಹೌದೋ ಅಲ್ಲವೋ ಎಂದು ಗುರುತಿಸುವುದು ಅವರ ಜೀವಮಾನದ ಕೆಲಸ. ಬೀರುಗಳ ನಡುವಿನ ಸಂದಿ ಎಷ್ಟು ಇಕ್ಕಟ್ಟೆಂದರೆ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಓರೆಯಾಗಿ ನಡೆಯುವುದು ಅವರಿಗೆ ಅಭ್ಯಾಸವಾಗಿ, ಅಗಲವಾದ ಬೀದಿಯಲ್ಲಿಯೂ ಮದುವೆಮನೆಯ ಬಯಲಂಥ ಹಜಾರದಲ್ಲಿಯೂ ಅವರು ಹಾಗೆಯೇ ನಡೆಯುತ್ತಾರೆ. ಮೈಮೇಲೆ ಬೂದುಬಣ್ಣದ ಒಂದು ಕೋಟು. ತೋಳಿನ ಅಂಚು ಗರಿಗಳಿಗೆ ಸವರದಿರಲೆಂದು ಎರಡೂ ಮಣಿಕಟ್ಟಿಗೆ ರಬ್ಬರ್‌ಬ್ಯಾಂಡು. ಅವರು ಬಂದು ಹೋದ ಮನೆಯಲ್ಲಿ ಒಂದು ವಾರ ನುಸಿಗುಳಿಗೆಯ ವಾಸನೆ ನಿಲ್ಲುತ್ತದೆ. ನಮ್ಮಮ್ಮ ಉಣ್ಣೆಯ ಬಟ್ಟೆಗಳನ್ನು ಗಂಟುಕಟ್ಟಿ ಒಳಗಿಡುವ ಮುನ್ನ ತಂಗಿಯನ್ನು ತಪ್ಪದೆ ಊಟಕ್ಕೆ ಕರೆಯುತ್ತಿದ್ದರೆಂಬುದು ಚಿಕ್ಕಪ್ಪನ ಆರೋಪ.

ಚಿಕ್ಕಪ್ಪ ಹಲ್ಲಿನ ಡಾಕ್ಟರು, ಮಾತಿನ ಮಲ್ಲ. ಬಾಯಿ ತೆರೆದು ಕೂತ ರೋಗಿ ಎದುರು ಮಾತಾಡಲಾರನೆಂಬ ಕಾರಣಕ್ಕೇ ಈ ಕಸುಬು ಹಿಡಿದರೆಂದು ಚಿಕ್ಕಮ್ಮನ ಅಂಬೋಣ. ಈ ದಂಪತಿಗಳನ್ನು ಒಟ್ಟಿಗೆ ನೋಡುವುದೇ ಒಂದು ಸೊಗಸು. ಆದರೆ ನಾನು ಹೇಳಹೊರಟ ಸಂಗತಿಯಲ್ಲಿ ನಗುವುದಕ್ಕೆ ಎಡೆ ಕಡಿಮೆ.

ಮ್ಯೂಸಿಯಮ್ಮಿನ ಸಭಾಂಗಣದ ನಟ್ಟನಡುವೆ, ತನ್ನದೇ ದೀಪವುಳ್ಳ ಗಾಜಿನ ಪೆಟ್ಟಿಗೆಯೊಳಗೆ, ಒಂದು ಪಾರಿವಾಳವಿತ್ತು. ಕೊಕ್ಕಿನ ಬುಡದಲ್ಲಿ ಗೋಲಿಯಷ್ಟು ಕೆಂಪು ಗಂಟು, ಉದ್ದಕ್ಕೆ ಇಳಿಬಿದ್ದ ಸೀಳುಬಾಲ. ಇಂಥ ಪಾರಿವಾಳಗಳು ಯಾವುದೋ ದೂರದ ದ್ವೀಪವೊಂದರಲ್ಲಿದ್ದುವೆಂದೂ, ಮನುಷ್ಯರನ್ನು ಕಂಡರೆ ಓಡದೆ ನಿಂತು ನೋಡುತ್ತಿದ್ದುವೆಂದೂ, ಹಡಗಿನವರು ಬಡಿದು ತಿಂದು ಮುಗಿಸಿದರೆಂದೂ ಹಳೆಯ ನಾವಿಕನೊಬ್ಬನ ವರ್ಣನೆ ಹೇಳುತ್ತದೆ. ಆ ವರ್ಣನೆ ಬಿಟ್ಟರೆ, ಆ ಹಕ್ಕಿ ಈ ಲೋಕದಲ್ಲಿ ಇತ್ತೆಂಬುದಕ್ಕೆ ಉಳಿದಿದ್ದ ಸಾಕ್ಷಿ ಈ ಗಾಜಿನ ಪೆಟ್ಟಿಗೆಯದು ಮಾತ್ರ. ಹಳೆಯ ಸಂಗ್ರಹವೊಂದರ ಕಸದ ಪೆಟ್ಟಿಗೆಯಲ್ಲಿ ಅದನ್ನು ಕಂಡು, ಗುರುತಿಸಿ, ಲೋಕಕ್ಕೆ ಸಾರಿದವರು ಚಿಕ್ಕಮ್ಮನ ಗುರುಗಳು. ಊರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಚಿಕ್ಕಮ್ಮನಿಗೆ ಗರಿಯನ್ನು ಹೇಗೆ ಮುಟ್ಟಬೇಕೆಂಬುದನ್ನು, ಅಂದರೆ ಹೇಗೆ ಮುಟ್ಟಬಾರದೆಂಬುದನ್ನು, ಕಲಿಸಿದವರು ಅವರು. ಮ್ಯೂಸಿಯಮ್ಮಿನ ಹೆಬ್ಬಾಗಿಲ ಫಲಕದ ಮೇಲೂ ಆ ಪಾರಿವಾಳದ್ದೇ ಚಿತ್ರ.

ಪೆಟ್ಟಿಗೆಯ ಗಾಜು ಬದಲಿಸಬೇಕಾಗಿ ಬಂದ ಒಂದು ಸಲ ಹಕ್ಕಿ ಚಿಕ್ಕಮ್ಮನ ಮೇಜಿಗೆ ಬಂತು. ಪರದೆಯನ್ನು ಕೊಂಚ ಸರಿಸಿ ಅದನ್ನು ಹಗಲ ಬೆಳಕಿನಲ್ಲಿ ಹಿಡಿದು ನೋಡಿದ್ದು ಅವರಿಗೂ ಅದೇ ಮೊದಲು. ರೆಕ್ಕೆಯ ಗರಿಗಳ ತುದಿ ಬಿಸಿಲುಗಾಳಿಗೆ ಸವೆದು ಹಳೆಯ ಪೊರಕೆಯಂತಾಗಿದ್ದುವು. ಬಾಲದ ಗರಿಗಳು ಮಾತ್ರ ನಿನ್ನೆ ಮೊನ್ನೆ ಹುಟ್ಟಿದಷ್ಟು ಹೊಸವು. ಒಂದೇ ಹಕ್ಕಿ ಹಿಂದೊಂದು ಮುಂದೊಂದು ಋತುವಿನಲ್ಲಿ ಬದುಕಿದಂತಿತ್ತು. ಚಿಕ್ಕಮ್ಮ ಆ ದಿನ ಮನೆಗೆ ಹೋಗಿ ಊಟಕ್ಕೆ ಕೂತು, ತಟ್ಟೆಯನ್ನೇ ನೋಡುತ್ತ, ‘ಅದು ಅಲ್ಲ’ ಎಂದರಂತೆ.

ಮರುವಾರದ ಒಂದು ಬೆಳಗ್ಗೆ ಚಿಕ್ಕಪ್ಪನ ದವಾಖಾನೆಯಲ್ಲಿ, ದವಡೆ ಊದಿಸಿಕೊಂಡು ಕಾಯುತ್ತಿದ್ದವರನ್ನೆಲ್ಲ ದಾಟಿಕೊಂಡು, ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಪಾರಿವಾಳ ಒಳಗೆ ಹೋಯಿತು. ಹಲ್ಲಿನ ಎಕ್ಸ್‌ರೇ ಯಂತ್ರದ ಮುಂದೆ ಅದರ ಕೊಕ್ಕನ್ನಿಟ್ಟು ಚಿತ್ರ ತೆಗೆದರು. ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು, ‘ಇದು ಹಕ್ಕಿ ಮೈಯಲ್ಲಿ ಬೆಳೆದದ್ದಲ್ಲ ಕಣೇ. ಯಾರೋ ನನ್ನಂಥವನೇ ಕೂತ್ಕೊಂಡು ಮೆತ್ತಿದಾನೆ’ ಎಂದರು. ಗಂಟು ಬರಿಯ ಪ್ಲಾಸ್ಟರು. ಮೇಲೆ ಕೆಂಪು ಬಣ್ಣ.

ಚಿಕ್ಕಮ್ಮ ನೆಟ್ಟಗೆ ಮ್ಯೂಸಿಯಮ್ಮಿನ ನಿರ್ದೇಶಕರ ಬಳಿ ಹೋಗಿ ವಿಷಯ ತಿಳಿಸಿದರು. ಆತ ಕೆಟ್ಟವರಲ್ಲ, ಆದರೆ ಫಲಕದ ಮೇಲಿನ ಚಿತ್ರ ಅವರ ಕಣ್ಣಮುಂದೆ ಬಂದಿರಬೇಕು. ‘ಮೇಡಂ, ಮೇಷ್ಟ್ರಿಗೆ ತೊಂಬತ್ತಾಯ್ತು. ಅವರ ಕಾಲ ಮುಗೀಲಿ. ಆಮೇಲೆ ನೀವು ಏನು ಬೇಕಾದ್ರೂ ಬರೀರಿ, ನಾನೇ ಅಚ್ಚು ಹಾಕಿಸ್ತೀನಿ’ ಎಂದರು. ಇಡೀ ಇಲಾಖೆ ಅದನ್ನೇ ಹೇಳಿತು, ನಮ್ಮಮ್ಮನೂ ಅದನ್ನೇ ಹೇಳಿದರು. ನಿಜ ಹೇಳಬೇಕೆಂದರೆ, ನನಗೂ ಅದು ವಿವೇಕದ ಮಾತಾಗಿಯೇ ಕಂಡಿತು. ಚಿಕ್ಕಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ‘ಅವರು ಹೋದ್ಮೇಲೆ ಹೇಳಿದ್ರೆ ಅದು ಚಾಡಿ. ಇದ್ದಾಗ ಹೇಳಿದ್ರೆ ವಾದ. ಅವರು ನನಗೆ ವಾದ ಕಲಿಸಿದಾರೆ, ಚಾಡಿ ಕಲಿಸಿಲ್ಲ.’

ಮೇಷ್ಟ್ರ ಮನೆಗೆ ಅವರನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಬಾಗಿಲಲ್ಲೇ ಮೇಷ್ಟ್ರ ಮಗಳು ಅಡ್ಡ ನಿಂತರು. ಸುದ್ದಿ ಅವರ ಕಿವಿಗೆ ಮೊದಲೇ ಬಿದ್ದಿತ್ತು.

‘ಅಕ್ಕಾ, ಅಪ್ಪನಿಗೆ ಉಳಿದಿರೋದು ಅದೊಂದೇ ಹಕ್ಕಿ. ಅದನ್ನೂ ಕಿತ್ಕೋಬೇಕಾ?’

‘ಕಿತ್ಕೊಳ್ಳೋಕೆ ಬಂದಿಲ್ಲಮ್ಮ, ಕೇಳೋಕೆ ಬಂದಿದೀನಿ. ಅವರ ಹತ್ರ ಉತ್ತರ ಇದ್ರೆ ನಾನು ತಲೆ ತಗ್ಗಿಸಿ ವಾಪಸ್ ಹೋಗ್ತೀನಿ.’

‘ಇಲ್ದಿದ್ರೆ?’

ಅಷ್ಟರಲ್ಲಿ ಒಳಗಿಂದ ಮೇಷ್ಟ್ರ ದನಿ ಬಂತು: ‘ಯಾರದು? ಒಳಗೆ ಬಿಡು.’

ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಆ ವೃದ್ಧರು, ಗಂಟಿನದೂ ಬಾಲದ್ದೂ ಅನುಮಾನವನ್ನು ಚಿಕ್ಕಮ್ಮನ ಬಾಯಿಂದ ಕೇಳಿ, ಎಕ್ಸ್‌ರೇ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಊಹಿಸದಿದ್ದದ್ದು ನಡೆಯಿತು. ಅವರ ಬೆನ್ನು ನೆಟ್ಟಗಾಯಿತು, ಕಣ್ಣು ಹೊಳೆಯಿತು, ಜಗಳಕ್ಕೆ ಸಿದ್ಧರಾದರು. ‘ಗಂಟು ಮಾಂಸದ್ದು. ಒಣಗಿದ್ರೆ ಕುಗ್ಗಿ ಕಡ್ಲೆಕಾಳಾಗುತ್ತೆ. ಹಳೇ ಕಾಲದ ಕೆಲಸಗಾರ ಅದರ ಮೇಲೆ ಪ್ಲಾಸ್ಟರ್ ಮೆತ್ತಿ ಮೊದಲಿನ ಆಕಾರ ಕೊಟ್ಟಿದಾನೆ. ಅದು ಸುಳ್ಳು ಅಲ್ಲ, ದುರಸ್ತಿ. ಬಾಲದ ಮಾತಿಗೆ ಬಂದ್ರೆ, ಬಾಲದ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ ಒಟ್ಟಿಗೆ ಹುಟ್ಟಿಸ್ಕೊಳ್ಳೋ ಹಕ್ಕಿಗಳಿಲ್ವಾ? ನಾನೇ ನಿನಗೆ ಪಾಠ ಮಾಡಿರ್ಲಿಲ್ವಾ?’

‘ಮಾಡಿದ್ರಿ ಮೇಷ್ಟ್ರೇ. ಅದಕ್ಕೇ ಬಂದೆ. ಪ್ಲಾಸ್ಟರ್ ತೆಗೆದ್ರೆ ಕೆಳಗೆ ಒಣಗಿದ ಗಂಟು ಇರಬೇಕು. ಇದ್ರೆ ನೀವು ಗೆದ್ರಿ. ಕೊಕ್ಕು ನುಣ್ಣಗಿದ್ರೆ…’

‘ತೆಗೆಯುವಾಗ ಗಂಟೂ ಪ್ಲಾಸ್ಟರಿನ ಜೊತೆಗೇ ಕಿತ್ಕೊಂಡು ಬಂದ್ರೆ?’

‘ಬಂದ್ರೆ, ಲೋಕದಲ್ಲಿ ಇದ್ದ ಒಂದೇ ಹಕ್ಕೀನ ನಾನು ಹಾಳು ಮಾಡಿದ ಹಾಗೆ.’

ಚಿಕ್ಕಮ್ಮನಿಗೆ ಭಯವಾಗಿತ್ತು, ಆದರೆ ಹಿಂದೆ ಸರಿಯುವ ಯೋಚನೆ ಇರಲಿಲ್ಲ. ಮೇಷ್ಟ್ರು ಕಂಬಳಿ ಸರಿಸಿ, ‘ನನ್ನ ಕೋಲು ಎಲ್ಲಿ? ನನ್ನ ಎದುರಿಗೇ ತೆಗಿ’ ಎಂದರು. ಮಗಳು ಬೇಡವೆಂದಷ್ಟೂ ಅವರ ಹಟ ಹೆಚ್ಚಿತು.

ಅಂದು ಮಧ್ಯಾಹ್ನ ಆ ಉದ್ದನೆಯ ಕೋಣೆಯ ಪರದೆಯನ್ನು ಪೂರ್ತಿ ಸರಿಸಿದ್ದರು. ಚಿಕ್ಕಮ್ಮ ರಬ್ಬರ್‌ಬ್ಯಾಂಡು ಬಿಗಿಮಾಡಿಕೊಂಡು, ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಗಂಟಿನ ಮೇಲೆ ಒತ್ತುತ್ತ, ಚಿಕ್ಕಪ್ಪನ ದವಾಖಾನೆಯಿಂದ ತಂದ ಹಲ್ಲಿನ ಸೂಜಿಯಿಂದ ಮೆದುವಾದಷ್ಟನ್ನೇ ಕೆರೆದು ತೆಗೆಯುತ್ತ ಹೋದರು. ಮೊದಲು ಬಣ್ಣ ಬಂತು, ಆಮೇಲೆ ಬಿಳಿಯ ಹಿಟ್ಟು. ಮೇಷ್ಟ್ರು ಮೇಜಿಗೆ ಗದ್ದ ಊರುವಷ್ಟು ಬಾಗಿ ಭೂತಗನ್ನಡಿ ಹಿಡಿದಿದ್ದರು. ಮಗಳು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಿದ್ದರು. ಕೊನೆಯ ಚೂರು ಕಳಚಿದಾಗ ಅದರಡಿ ಕಂಡದ್ದು, ಎಳ್ಳಷ್ಟೂ ಗಾಯವಿಲ್ಲದೆ ಮಿರುಗುವ ಕೊಕ್ಕು.

‘ನುಣ್ಣಗಿದೆ’ ಎಂದರು ಮೇಷ್ಟ್ರು. ಭೂತಗನ್ನಡಿಯನ್ನು ಕೆಳಗಿಟ್ಟು, ‘ಸಾಕು ಮಗೂ. ಬಾಲ ನೋಡೋದು ಬೇಡ’ ಎಂದರು.

ಅಲ್ಲಿಗೆ ಯಾರಾದರೂ ನಿಲ್ಲಿಸುತ್ತಿದ್ದರು. ನಾನಾಗಿದ್ದರೆ ಖಂಡಿತ ನಿಲ್ಲಿಸುತ್ತಿದ್ದೆ. ಚಿಕ್ಕಮ್ಮ, ಕಣ್ಣಿಂದ ನೀರಿಳಿಯುತ್ತಿದ್ದರೂ ಅದನ್ನೊರೆಸಲು ಕೈ ಬಿಡುವಿಲ್ಲದೆ, ‘ನೋಡ್ಬೇಕು ಮೇಷ್ಟ್ರೇ. ಅರ್ಧಕ್ಕೆ ಬಿಟ್ರೆ ನಾಳೆ ಯಾರಾದ್ರೂ ಬಾಲದ್ದು ನಿಮ್ಮ ವಾದಾನೇ ಸರಿ ಅಂತಾರೆ, ಆಗ ಮತ್ತೆ ನಿಮ್ಮನ್ನ ಎಳೀತಾರೆ’ ಎಂದು ಹೊಟ್ಟೆಯ ಗರಿಗಳನ್ನು ಬಿಡಿಸಿದರು. ಅಡಿಯಲ್ಲಿ ಎರಡು ಬೇರೆ ಬೇರೆ ಚರ್ಮಗಳು, ನಡುವೆ ಅಂಟು ಮತ್ತು ಕಪ್ಪು ದಾರದ ಅಚ್ಚುಕಟ್ಟಾದ ಹೊಲಿಗೆ. ಕಾಡುಗಳಲ್ಲಿ ಇಂದಿಗೂ ಹೇರಳವಾಗಿರುವ ಒಂದು ಪಾರಿವಾಳಕ್ಕೆ ಬೇರಾವುದೋ ಹಕ್ಕಿಯ ಬಾಲ ಹೊಲಿದು, ನಾವಿಕನ ವರ್ಣನೆಗೆ ಒಪ್ಪುವಂತೆ ಗಂಟು ಮೆತ್ತಿ, ಯಾವ ಪುಣ್ಯಾತ್ಮನೋ ಯಾವ ಸಂಗ್ರಾಹಕನಿಗೋ ಟೋಪಿ ಹಾಕಿದ್ದ.

‘ನನಗೆ ನೋವಾಯ್ತು’ ಎಂದರು ಮೇಷ್ಟ್ರು, ‘ನುಣ್ಣಗಿದೆ’ ಎಂದಷ್ಟೇ ಸ್ಪಷ್ಟವಾಗಿ. ‘ನನ್ನ ಹೆಸರಿನ ಮಾತು ಬಿಡು. ಇನ್ನು ಆ ಹಕ್ಕಿಯದು ಒಂದು ಗರಿನೂ ಲೋಕದಲ್ಲಿ ಇಲ್ವಲ್ಲ.’

‘ಮೊದಲೂ ಇರ್ಲಿಲ್ಲ ಮೇಷ್ಟ್ರೇ’ ಎಂದರು ಚಿಕ್ಕಮ್ಮ. ‘ಇದೆ ಅಂತ ನಾವು ನೆಮ್ಮದಿಯಾಗಿದ್ವಿ.’

ಮೇಷ್ಟ್ರು ಕೋಲಿಗಾಗಿ ಕೈಚಾಚಿ ಎದ್ದರು. ಅವರನ್ನೂ ಮಗಳನ್ನೂ ನಾನು ಮನೆಗೆ ಬಿಟ್ಟು ಬಂದೆ. ಅದಾದ ಮೇಲೆ ಎಷ್ಟೋ ಕಾಲ ಆ ಮನೆಯಿಂದ ಸುದ್ದಿಯಿಲ್ಲ. ಚಿಕ್ಕಮ್ಮ ಫೋನು ಮಾಡಿದರೆ ಮಗಳು ‘ಮಲಗಿದಾರೆ’ ಎಂದು ಇಟ್ಟುಬಿಡುತ್ತಿದ್ದರು. ಇತ್ತ ಮ್ಯೂಸಿಯಮ್ಮಿನಲ್ಲಿ ಹಿಂದಿನಿಂದ ಕಣ್ಣು ಕೆಕ್ಕರಿಸುವವರು, ಎದುರಿಗೆ ಸಿಕ್ಕರೆ ದಾರಿ ಬದಲಿಸುವವರು. ‘ಊಟ ಸೇರ್ತಿಲ್ಲ ಕಣೋ’ ಎಂದು ಚಿಕ್ಕಮ್ಮ ಒಮ್ಮೆ ನನ್ನೆದುರು ಹೇಳಿದರು. ಅಂಥ ಮಾತು ಅವರಿಂದ ನಾನು ಹಿಂದೆಂದೂ ಕೇಳಿರಲಿಲ್ಲ. ಆದರೂ ಬರೆಯಬೇಕಾದದ್ದನ್ನು ಬರೆಯುವುದನ್ನು ನಿಲ್ಲಿಸಲಿಲ್ಲ; ಮುಗಿದ ಲೇಖನದ ಒಂದು ಪ್ರತಿಯನ್ನು ಮೇಷ್ಟ್ರಿಗೂ ಅಂಚೆಯಲ್ಲಿ ಕಳಿಸಿದರು. ಗಾಜಿನ ಪೆಟ್ಟಿಗೆಗೆ ಬಣ್ಣಬಣ್ಣದ ಬೇರೊಂದು ಹಕ್ಕಿಯನ್ನು ಕೂರಿಸೋಣವೆಂದು ನಿರ್ದೇಶಕರು ಆಳುಗಳನ್ನು ಕಳಿಸಿದ ದಿನ, ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಅಲ್ಲೇ ಕಡತ ನೋಡುತ್ತ, ಆಳುಗಳನ್ನು ವಾಪಸು ಅಟ್ಟಿದರು. ಅದು ಖಾಲಿಯೇ ಇರಬೇಕೆಂಬುದು ಅವರ ಪಟ್ಟು. ಖಾಲಿ ಪೆಟ್ಟಿಗೆ ನೋಡಲು ಜನ ಬರುತ್ತಾರೆಯೇ ಎಂದು ಆತ ಕೇಳಿದ್ದಕ್ಕೆ, ‘ಬರದೇ ಇರಬಹುದು’ ಎಂದರಂತೆ.

ಈ ಜಟಾಪಟಿ ಮೇಷ್ಟ್ರ ಕಿವಿಗೂ ಬಿದ್ದಿರಬೇಕು. ಒಂದು ದಿನ ಅವರ ಮಗಳೇ ಮ್ಯೂಸಿಯಮ್ಮಿಗೆ ಬಂದು, ಮುಖ ಬಿಗಿದುಕೊಂಡೇ, ಒಂದು ರಟ್ಟನ್ನು ಚಿಕ್ಕಮ್ಮನ ಮೇಜಿನ ಮೇಲಿಟ್ಟರು. ಪೆಟ್ಟಿಗೆಗೆ ಹಾಕಬೇಕಾದ ಫಲಕವನ್ನು ಮೇಷ್ಟ್ರು ತಾವೇ ಕೈಯಾರೆ ಬರೆದಿದ್ದರು: ‘ಗಂಟುಕೊಕ್ಕಿನ ಪಾರಿವಾಳ. ಒಂದಾನೊಂದು ಕಾಲದಲ್ಲಿ ಇತ್ತು. ಈಗ ಒಂದೂ ಇಲ್ಲ, ಇಲ್ಲಿಯೂ ಇಲ್ಲ.’ ಮಗಳು ಹೋಗುವ ಮುನ್ನ ಬಾಗಿಲಲ್ಲಿ ನಿಂತು, ‘ಅಪ್ಪ ಹೇಳಿ ಕಳಿಸಿದಾರೆ. ನಿಮ್ಮ ಲೇಖನದಲ್ಲಿ ಬಾಲದ ಮಾತು ಸರಿಯಾಗಿ ಬಂದಿಲ್ವಂತೆ. ನಾಳೆ ಬಂದು ಜಗಳ ಆಡ್ಬೇಕಂತೆ’ ಎಂದರು. ತಡೆದು, ಮತ್ತೊಂದು ಮಾತು ಸೇರಿಸಿದರು: ‘ಎಷ್ಟೋ ವರ್ಷ ಆಯ್ತು ಅಕ್ಕಾ, ಅಪ್ಪನ ಹತ್ರ ಯಾರೂ ಜಗಳ ಆಡಿರ್ಲಿಲ್ಲ. ಬರೋರೆಲ್ಲ ತಲೆಯಾಡಿಸಿ ಎದ್ದು ಹೋಗ್ತಿದ್ರು.’

ಪ್ರೀತಿಯೆಂದರೆ ಮರೆಮಾಡುವುದೆಂದು ನಾವು ಬಹುಮಂದಿ ತಿಳಿದಿದ್ದೇವೆ. ಹಿರಿಯರು ನೊಂದಾರೆಂದು ಅವರೆದುರು ದನಿ ತಗ್ಗಿಸುತ್ತೇವೆ, ಸುದ್ದಿಯನ್ನು ಸೆರಗಿನಲ್ಲಿ ಮುಚ್ಚಿಡುತ್ತೇವೆ, ಅವರ ಕಾಲ ಮುಗಿಯಲೆಂದು ಕಾಯುತ್ತೇವೆ. ಹಾಗೆ ಕಾಯುವುದರಲ್ಲಿ, ಅವರು ಬದುಕಿರುವಾಗಲೇ ಅವರನ್ನು ನಮ್ಮ ಲೆಕ್ಕದಿಂದ ಕೈಬಿಟ್ಟಿರುತ್ತೇವೆಂಬುದು ನಮಗೆ ಹೊಳೆಯುವುದೇ ಇಲ್ಲ. ಚಿಕ್ಕಮ್ಮನ ಜಾತಿಯ ಜನ ಲೋಕದಲ್ಲಿ ವಿರಳ, ಅವರೊಡನೆ ಬಾಳುವುದೂ ಸುಲಭವಲ್ಲ. ಅವರು ನಮ್ಮನ್ನು ಸಂತೈಸುವುದಿಲ್ಲ. ನಮ್ಮ ತಪ್ಪನ್ನು ನಮ್ಮ ಕೈಗೇ ಕೊಟ್ಟು, ಉತ್ತರಕ್ಕಾಗಿ ನಮ್ಮ ಎದುರು ಕುಳಿತುಕೊಳ್ಳುತ್ತಾರೆ. ತೊಂಬತ್ತರ ವಯಸ್ಸಿನಲ್ಲಿಯೂ ನಮ್ಮಲ್ಲಿ ಉತ್ತರ ಇದ್ದೀತೆಂದು ನಂಬಿರುವವರು ಅವರು ಮಾತ್ರ.