ಅಮ್ಮನ ಕಡೆಯ ಮೀನು

ತನ್ನ ಮನೆಯ ಹಾಲ್‌ಗೂ ಅಡುಗೆಮನೆಗೂ ನಡುವಿನ ಕಿಂಡಿಯಲ್ಲಿ ಮೀನಿನ ಗಾಜಿನ ತೊಟ್ಟಿ ಇಟ್ಟಾಗಲೇ ಟೈಲ್ಸ್ ಮೇಸ್ತ್ರಿಗೆ ತಲೆನೋವು ಶುರುವಾಯಿತು. ಹಾಲ್‌ನಿಂದ ನೋಡಿದರೆ ತೊಟ್ಟಿಯ ಹಿಂದೆ ಅಮ್ಮನ ಕುಕ್ಕರ್ ಕಾಣುತ್ತಿತ್ತು. ತೊಟ್ಟಿಯೊಳಗೆ ಹಿಂಬದಿಗೆ ಏನಾದರೂ ಮರೆ ಬೇಕೇ ಬೇಕು. ಪಾಚಿ ಬೆಳೆಸೋಣ ಎಂದಳು ಹೆಂಡತಿ. ನೀಲಿ ಹಾಳೆ ಅಂಟಿಸೋಣ ಎಂದಳು ಮಗಳು.

"ನಾನಿರೋವಾಗ ಹಾಳೆನಾ?" ಎಂದ ಮೇಸ್ತ್ರಿ, ಕಪ್ಪು ಕಲ್ಲಿನ ಚೂರುಗಳನ್ನು ಜೋಡಿಸಿ ಗೋಡೆಯನ್ನೇ ಎಬ್ಬಿಸಿದ.

"ನನ್ನ ಪಾಲಿಗೆ ಬರೀ ಗೋಡೆಯ ಬೆನ್ನು," ಎಂದು ಅಡುಗೆಮನೆಯಿಂದ ಅಮ್ಮ ಗೊಣಗಿದಳು.

ನೀರು ತುಂಬಿಸಿ ಮೀನು ಬಿಟ್ಟರೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದೂ ಇಲ್ಲ! ಟೈಲ್ಸ್ ಹಾಕುವಾಗ ಗೋಡೆಯಂಚಿಗೆ ಸಂದು ಬಿಡುವುದು ಮೇಸ್ತ್ರಿಯ ಕೈಗೆ ಅಂಟಿದ ಚಾಳಿ. ಇಲ್ಲೂ ಕಲ್ಲಿಗೂ ಹಿಂದಿನ ಗಾಜಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದ. ಮೀನುಗಳೆಲ್ಲ ಅಲ್ಲಿಗೇ ನುಗ್ಗಿದ್ದವು.

ಅಡುಗೆಮನೆಯಿಂದ ಅಮ್ಮ ಕೂಗಿದಳು: "ಎಲ್ಲಾ ನನ್ನ ಹತ್ರಾನೇ ಬಂದ್ಬಿಟ್ವು ಕಣೋ!"

ಮನೆಮಂದಿಯೆಲ್ಲ ಅತ್ತ ಓಡಿದರು. ಅಮ್ಮ ಈರುಳ್ಳಿ ಬುಟ್ಟಿಯನ್ನು ಮುಂದೆ ತಳ್ಳಿದಳು. "ಬಿಟ್ಟಿ ನೋಡೋ ಹಾಗಿಲ್ಲ. ಕೂತ್ಕೊಂಡು ಸುಲೀರಿ."

ಹುಟ್ಟಿದಾಗಿನಿಂದ ಒಂದು ಈರುಳ್ಳಿಯನ್ನೂ ಸುಲಿಯದ ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತ ಕೇಳಿದ: "ನಾಳೆ ಆ ಗೋಡೆ ಕಿತ್ತುಹಾಕ್ಲೇನಮ್ಮ?"

"ಮುಟ್ಟಿ ನೋಡು!" ಎಂದಳು ಅಮ್ಮ.